ಮೋಟರ್ ಹಾಕಿ ಬರುವಷ್ಟರಲ್ಲಿ

ನಾನು ಹೊನ್ನವಳ್ಳಿಯಲ್ಲಿದ್ದಾಗ ಪಕ್ಕದ ಮನೆ ಯಜಮಾನರು ಕೂತು ಕಾಫಿ ಮುಗಿಸಿದ್ದನ್ನು ಕಂಡಿಲ್ಲ. ಯಾರ ತೋಟದಲ್ಲಾದರೂ ಮೋಟರ್ ಸದ್ದು ಕೇಳಿದರೆ ಸಾಕು, "ತ್ರೀ ಫೇಸ್ ಬಂತು. ಒಂದ್ನಿಮಿಷ, ಬಂದೆ" ಎಂದು ಎದ್ದುಬಿಡುತ್ತಿದ್ದರು. ಆ ಕರೆಂಟು ಇರುವಷ್ಟು ಹೊತ್ತಿನಲ್ಲೇ ತೆಂಗಿಗೆ ನೀರು ಬಿಟ್ಟುಕೊಳ್ಳಬೇಕಲ್ಲ.

ಮಗಳ ಓದಿಗೆಂದು ತಂದ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಡಲು ನನ್ನನ್ನು ಕರೆದರು. ಇನ್‌ಸ್ಟಾಲ್ ಶುರುಮಾಡಿ, ಅವರನ್ನು ಕಾವಲಿಗೆ ಕೂರಿಸಿ ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ಮಾರನೆಯ ದಿನ ಪೆನ್‌ಡ್ರೈವ್ ಬದಲಾಯಿಸಿ ಹಾಕಿದೆ. ಅದೇ ಗೆರೆ.

"ನಾಡಿದ್ದು ಪ್ರಾಜೆಕ್ಟ್ ಕೊಡ್ಬೇಕು ಕಣಪ್ಪ" ಎಂದು ಮಗಳು ಅಳುವುದೊಂದು ಬಾಕಿ.

ರಜೆ ಹಾಕಿ ನಾನೇ ಜೊತೆಗೆ ಕೂತೆ. ಇನ್ನೇನು ಇನ್‌ಸ್ಟಾಲ್ ಮುಗಿಯಬೇಕು, ದೂರದಲ್ಲೊಂದು ಮೋಟರ್ ಗುಂಯ್ ಎಂದಿತು. "ಒಂದ್ನಿಮಿಷ, ಬಂದೆ." ಹೋಗುತ್ತಾ ಅವರ ಕೈ ತಾನಾಗಿ ಸ್ವಿಚ್ ಬೋರ್ಡನ್ನು ಸವರಿತು. ಫ್ಯಾನು, ಟೀವಿ, ಕಂಪ್ಯೂಟರ್, ಎಲ್ಲ ಆಫ್.

"ಏನ್ರೀ ಮಾಡಿದ್ರಿ!" ಎಂದು ಕಿರುಚಿದೆ.

"ಊರೆಲ್ಲಾ ಒಟ್ಗೆ ಮೋಟ್ರು ಹಾಕ್ತಾರೆ ಕಣ್ರೀ, ವೋಲ್ಟೇಜ್ ಏರಿಳೀತದೆ. ಸುಟ್ಟೋದ್ರೆ? ದಿನಾ ಹಿಂಗೇ ಆಫ್ ಮಾಡಿ ಹೋಯ್ತೀನಿ, ಬಂದು ಹಾಕ್ತೀನಿ."

ಮತ್ತೆ ಮೊದಲಿನಿಂದ ಶುರು. ಹೊಸ ಪಾಸ್‌ವರ್ಡನ್ನು ಯಾರಿಗೂ ಹೇಳದೆ ಅವರೇ ಟೈಪ್ ಮಾಡಿದರು. ನಾನು ಸ್ವಿಚ್ ಬೋರ್ಡಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡೆ. ಅವರು ನನ್ನ ಬೆನ್ನ ಹಿಂದೆ ನಿಂತಲ್ಲೇ ಕಾಲು ಬದಲಿಸುತ್ತಿದ್ದರು.

ಕೊನೆಗೂ ಕಂಪ್ಯೂಟರ್ ಎದ್ದಿತು. ಮಗಳು ಚಪ್ಪಾಳೆ ತಟ್ಟಿದಳು. ಪರದೆ ಪಾಸ್‌ವರ್ಡ್ ಕೇಳಿತು.

ತಿರುಗಿ ನೋಡಿದೆ. ಬಾಗಿಲಲ್ಲಿ ಅವರ ಚಪ್ಪಲಿ ಇರಲಿಲ್ಲ.