ವಾಪಸ್ ಬರಬಾರದ ಗಿಟಾರುಗಳು

ಬೀದಿ ಇನ್ನೂ ಎದ್ದಿಲ್ಲ. ವಾದ್ಯದಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ಮೇಜಿನ ದೀಪ ಉರಿಯುತ್ತಿದೆ. ಬಾಗಿಲ ಸಂದಿಗೆ ಹಳೆಯ ಬಟ್ಟೆ ತುರುಕಿದೆ. ಒಳಗೆ ತಲೆ ನರೆತ ಒಬ್ಬರು ಹೊಚ್ಚಹೊಸ ಎಲೆಕ್ಟ್ರಿಕ್ ಗಿಟಾರನ್ನು ಮಡಿಲಲ್ಲಿಟ್ಟುಕೊಂಡು, ಅದರ ಕೊಂಬಿನಂಥ ಅಂಚಿಗೆ ದವಡೆ ಒತ್ತಿ, ಕಣ್ಣು ಮುಚ್ಚಿ ಕೂತಿದ್ದಾರೆ. ನೋಡಿದವರು ಪಾಪ, ಹಲ್ಲುನೋವು ಅಂದುಕೊಳ್ಳಬೇಕು. ಬೆರಳು ಒಂದು ತಂತಿಯನ್ನು ಮೀಟುತ್ತದೆ. ಸ್ವರ ಸಣ್ಣಗಾಗುತ್ತಾ ಹೋಗಿ, ಕೊನೆಗೆ ಅದರ ಬಾಲಕ್ಕೆ ಅಂಟಿಕೊಂಡು ಗುಂಯ್ ಎಂಬ ಅದುರು ಬರುತ್ತದೆ. ಕಿವಿಗೆ ದಕ್ಕದ್ದು ಎಲುಬಿಗೆ ದಕ್ಕುತ್ತದೆ.

"ಎದುರುಗಡೆ ಅಂಗಡಿಯವ್ನು ಶಟರ್ ಎತ್ತಿದ ಅಂದ್ರೆ ಮುಗೀತು. ಆಮೇಲೆ ಇದು ಬಾಯಿ ಬಿಡಲ್ಲ" ಎನ್ನುತ್ತಾರೆ ಅವರು, ಕಣ್ಣು ತೆರೆಯದೆ.

ಅಂಗಡಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಗುಂಯ್ ಅಣ್ಣ ಎಂದೇ. ಡಬ್ಬಿಯಲ್ಲಿ ಬಂದ ಹೊಸ ಗಿಟಾರುಗಳ ಸಣ್ಣಪುಟ್ಟ ತೊಂದರೆ ಸರಿಮಾಡುವುದು ಅವರ ಕೆಲಸ. ದಿನಕ್ಕೆ ಏಳೋ ಎಂಟೋ ಆಗುತ್ತವೆ. ಕೊಳ್ಳುವವರಿಗೆ ಇಂಥದ್ದೊಂದು ಕೆಲಸ ಇದೆಯೆಂಬುದೇ ಗೊತ್ತಿಲ್ಲ. ಹೊಸದಕ್ಕೆ ಎಂಥ ರಿಪೇರಿ ಎಂದು ಅಂಗಡಿಯ ಮಾಲೀಕರೇ ಒಮ್ಮೆ ಕೇಳಿದ್ದುಂಟು.

"ಸೆಕೆಯ ಊರಲ್ಲಿ ಹುಟ್ಟುತ್ತೆ, ಲಾರೀಲಿ ಕುಲುಕಾಡ್ಕೊಂಡು ಚಳಿಯ ಊರಿಗೆ ಬರುತ್ತೆ. ಮರ ಕುಗ್ಗುತ್ತೆ. ಮರ ಕುಗ್ಗಿದ್ರೆ ಸ್ಕ್ರೂ ತಾನೇ ಏನು ಮಾಡೀತು ಪಾಪ" ಎಂದು ಅವರು ಸ್ಕ್ರೂಗಳ ಪರ ವಹಿಸಿಕೊಂಡು ಮಾತಾಡುತ್ತಾರೆ.

ಮೊದಲು ಅವರು ರೇಡಿಯೋ ರಿಪೇರಿ ಮಾಡುತ್ತಿದ್ದರು. ಜನ ರೇಡಿಯೋ ಬಿಟ್ಟರು, ಅವರು ಬೆಸುಗೆ ಹಾಕುವ ಕಡ್ಡಿಯನ್ನು ಜೇಬಿಗಿಟ್ಟುಕೊಂಡು ಇಲ್ಲಿಗೆ ಬಂದರು. ಗಿಟಾರು ನುಡಿಸಲು ಇವತ್ತಿಗೂ ಬರುವುದಿಲ್ಲ. "ನಂದು ಒಂದೊಂದೇ ತಂತಿ. ಆರೂ ಒಟ್ಟಿಗೆ ಮಾತಾಡಿದ್ರೆ ಯಾವುದರ ದೂರು ಅಂತ ಗೊತ್ತಾಗಲ್ಲ."

ಒಂದು ಕಾಲಕ್ಕೆ ಕೆಲಸ ಮನೆಗೂ ಬರುತ್ತಿತ್ತು. ಊಟದ ಮೇಜಿನ ತುದಿಯಲ್ಲಿ ಅವರು ದವಡೆ ಒತ್ತಿ ಕೂತರೆಂದರೆ ಮನೆಯಲ್ಲಿ ಚಮಚ ಬೀಳುವಂತಿಲ್ಲ, ನಲ್ಲಿ ತಿರುಗಿಸುವಂತಿಲ್ಲ. "ಅಪ್ಪ ಕೇಳಿಸ್ಕೊಳ್ತಿದಾರೆ" ಎಂದು ಹೆಂಡತಿ ಪುಟ್ಟ ಮಗಳಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಮಗಳು ಹಾಲಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಸದ್ದಾಗದಂತೆ ಮೇಜಿನ ಮೇಲಿಡುವುದನ್ನು ಕಲಿತಳು. ಜಗಳ ಅನ್ನುವಂಥದ್ದೇನೂ ನಡೆಯಲಿಲ್ಲ. ಒಂದು ಬೆಳಿಗ್ಗೆ ಹೆಂಡತಿ, "ನಮ್ಮ ಮಾತು ಯಾವತ್ತು ಕೇಳಿಸ್ಕೊಳ್ತೀರಿ?" ಎಂದು ಕೇಳಿದರು. ಸ್ವಲ್ಪ ಹೊತ್ತು ಕಾದರು. ಆಮೇಲೆ ಮಗಳನ್ನು ಕರೆದುಕೊಂಡು ಊರಿನ ಇನ್ನೊಂದು ತುದಿಯಲ್ಲಿದ್ದ ಅಣ್ಣನ ಮನೆಗೆ ಹೊರಟುಹೋದರು.

"ಆಗ ನಾನು ಉತ್ತರ ಕೊಡ್ಲಿಲ್ಲ" ಎನ್ನುತ್ತಾರೆ ಗುಂಯ್ ಅಣ್ಣ. "ತಂತಿ ಬಿಗಿಯೋ ಒಂದು ಕೀಲಿ ಅದುರ್ತಾ ಇತ್ತು."

ಈಗ ಅವರಿರುವುದು ಅಂಗಡಿಯ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ. ಒಂದು ಮಂಚ, ಒಂದು ಲೋಟ, ಒಂದು ಕುರ್ಚಿ. ಮಗಳು ಮೊದಮೊದಲು ಭಾನುವಾರ ಬರುತ್ತಿದ್ದಳು, ಆಮೇಲೆ ರಜೆಗಳಲ್ಲಿ, ಆಮೇಲೆ ಫೋನು. ಈಗೀಗ ಫೋನೂ ಅಪರೂಪ. ಕೋಣೆಯಲ್ಲಿ ಬೇಕಾದಷ್ಟು ನಿಶ್ಶಬ್ದವಿದೆ. ಆದರೂ ಅವರು ಕೆಲಸವನ್ನು ಅಲ್ಲಿಗೆ ಒಯ್ಯುವುದಿಲ್ಲ.

ಇವತ್ತು ಮಡಿಲಲ್ಲಿರುವ ಗಿಟಾರು ಆ ಮಗಳದೇ. ಬೇರೆಲ್ಲಿಂದಲೋ ಹೊಸದಾಗಿ ತರಿಸಿಕೊಂಡಿದ್ದಾಳೆ, ಕೇಬಲ್ ಚುಚ್ಚಿದರೆ ಕರಕರ ಅನ್ನುತ್ತದೆ. ಮೊನ್ನೆ ತಂದು ಕೌಂಟರಿನಲ್ಲಿ ಕೊಟ್ಟುಹೋದಳು. ನಾಳೆ ಸಂಜೆ ಗೆಳತಿಯರ ಜೊತೆ ಮೊದಲ ಬಾರಿ ವೇದಿಕೆ ಹತ್ತುತ್ತಾಳಂತೆ.

"ಅಪ್ಪ ಇದಾರಾ ಅಂದ್ಳು" ಎಂದು ಕೌಂಟರಿನಲ್ಲಿ ಕೂರುವ ಹೆಂಗಸು ನೆನೆಯುತ್ತಾರೆ. "ಒಳಗೆ ಕೇಳಿಸ್ಕೊಳ್ತಿದಾರಮ್ಮ ಅಂದೆ. ಅಯ್ಯೋ ಹಾಗಾದ್ರೆ ಬೇಡ ಬಿಡಿ, ತೊಂದ್ರೆ ಕೊಡ್ಬೇಡಿ ಅಂತ ಇಟ್ಟು ಹೋಗೇಬಿಟ್ಳು. ನಾನೂ ಒಬ್ಬಳು ಪೆದ್ದಿ, ತಡೀಲಿಲ್ಲ." ದನಿ ಕೇಳಿದಂತಾಗಿ ಗುಂಯ್ ಅಣ್ಣ ಹೊರಗೆ ಬರುವಷ್ಟರಲ್ಲಿ ಕಾರು ತಿರುವು ದಾಟಿತ್ತು.

ಹೆಗಲ ಬೆಲ್ಟು ಸಿಕ್ಕಿಸುವ ಗುಂಡಿಯ ಸ್ಕ್ರೂ ಕೂರುವ ತೂತು ಹಿಗ್ಗಿತ್ತು. ಅದಕ್ಕೆ ಬೆಂಕಿಕಡ್ಡಿಯ ಸೀಳು, ಅಂಟು ತುಂಬಿ ನಿನ್ನೆಯೇ ಒಣಗಲು ಬಿಟ್ಟಿದ್ದರು. ಈಗ ಗುಂಯ್ ಎನ್ನುತ್ತಿದ್ದ ಕೀಲಿಯ ತಿರುಪು ಸಿಕ್ಕಿತು, ಕಾಲು ಸುತ್ತು ತಿರುಗಿಸಿದ್ದಕ್ಕೆ ಸುಮ್ಮನಾಯಿತು. ಉಳಿದಿರುವುದು ಜಾಕು, ಕೇಬಲ್ ಚುಚ್ಚುವ ಜಾಗ. ಅದರ ನಟ್ಟು ಸಡಿಲವಾಗಿದೆ, ಅಷ್ಟೇ. ಹೊರಗಿನಿಂದ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬಿಗಿಯಾಗುತ್ತದೆ. ಆದರೆ ಹಾಗೆ ಬಿಗಿದರೆ ಒಳಗಿರುವ ಜಾಕೂ ನಟ್ಟಿನ ಜೊತೆ ತಿರುಗಿ, ಬೆಸುಗೆಯ ತಂತಿ ತಿರುಚಿಕೊಳ್ಳುತ್ತದೆ. ಕೆಲವು ದಿನ ಸಲೀಸಾಗಿ ನಡೆದು, ಆಮೇಲೆ ಕೈಕೊಡುತ್ತದೆ. ಆತುರದ ಕೆಲಸಗಾರರು ಮಾಡುವ ತಪ್ಪು ಇದು. ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯದು.

ನಿನ್ನೆ ಸಂಜೆ ಕೌಂಟರಿನ ಹೆಂಗಸು ಇದನ್ನು ಕೇಳಿ ತಿಳಿದುಕೊಂಡು, "ಹಾಗೇ ಮಾಡಿ ಗುಂಯ್ ಅಣ್ಣ. ಕೆಟ್ಟಾಗೆಲ್ಲ ಬರ್ತಾಳೆ. ದೇವ್ರಾಣೆ, ನಾನು ಬಾಯಿ ಬಿಡಲ್ಲ" ಎಂದು ತಮಾಷೆ ಮಾಡಿದ್ದರು.

"ನಗೋಕೆ ಆಗ್ಲಿಲ್ಲ" ಎನ್ನುತ್ತಾರೆ ಅವರು. "ನಾನೂ ಅದನ್ನೇ ಯೋಚಿಸ್ತಿದ್ದೆ."

ಸ್ಪ್ಯಾನರ್ ಹೊರಗಿನಿಂದ ನಟ್ಟಿಗೆ ಕೂರುತ್ತದೆ. ಹಾಗೇ ಕೂತಿರುತ್ತದೆ. ಬೀದಿಯಲ್ಲಿ ಯಾರೋ ಕೆಮ್ಮುತ್ತಾರೆ, ಹಾಲಿನ ಗಾಡಿಯೊಂದು ಹಾದುಹೋಗುತ್ತದೆ. ಅವರು ಸ್ಪ್ಯಾನರ್ ತೆಗೆದು ಕೆಳಗಿಡುತ್ತಾರೆ. ಹಿಂದಿನ ತಗಡು ಬಿಚ್ಚಿ, ಒಳಗೆ ಬೆರಳು ತೂರಿಸಿ ಜಾಕನ್ನು ಒತ್ತಿಹಿಡಿಯುತ್ತಾರೆ. ಆಮೇಲೆ ನಟ್ಟನ್ನು ತಿರುಗಿಸುತ್ತಾರೆ.

"ಅಷ್ಟು ಜನರ ಮುಂದೆ ಇದು ಮೂಕಾಗಿ ಬಿಟ್ರೆ?" ಎನ್ನುತ್ತಾರೆ. "ಮನೇಲಿ ಅವಳು ಸುಮ್ಮನಿದ್ದಿದ್ದು ಸಾಕು."

ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ಮಗಳು ಬರುತ್ತಾಳೆ. ಗುಂಯ್ ಅಣ್ಣ ಇವತ್ತು ಕೌಂಟರಿನ ಪಕ್ಕದಲ್ಲೇ ನಿಂತಿದ್ದಾರೆ. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಾರೆ.

"ಏನಾಗಿತ್ತಪ್ಪಾ?"

"ಏನಿಲ್ಲಮ್ಮ. ಸಣ್ಣಪುಟ್ಟದ್ದು."

ಅವಳು ಕೇಬಲ್ ಚುಚ್ಚಿ ಆರೂ ತಂತಿಗಳನ್ನು ಒಟ್ಟಿಗೆ ಮೀಟುತ್ತಾಳೆ. ಗಾಜಿನ ಬಾಗಿಲು ಸಣ್ಣಗೆ ನಡುಗುತ್ತದೆ. ಕರಕರ ಇಲ್ಲ. ಇನ್ನೊಂದಿಷ್ಟು ನುಡಿಸುತ್ತಾಳೆ, ಅಪ್ಪನ ಮುಖ ನೋಡಿ ಅಂಗೈಯಿಂದ ತಂತಿಗಳನ್ನು ತಟ್ಟನೆ ಅದುಮುತ್ತಾಳೆ. ಹಳೆಯ ಅಭ್ಯಾಸವಿರಬೇಕು.

"ಇನ್ನೊಂದ್ಸಲ ಯಾವಾಗ ತಂದು ತೋರಿಸ್ಲಿ?"

"ತರೋದು ಬೇಕಾಗಲ್ಲ" ಎನ್ನುತ್ತಾರೆ ಅವರು. ನಿಜ ಇರುವುದು ಅಷ್ಟೇ.

ಅವಳು ಗಿಟಾರನ್ನು ಚೀಲಕ್ಕಿಳಿಸುತ್ತಾಳೆ. "ಸರಿ ಅಪ್ಪ, ಕಾರು ಕಾಯ್ತಿದೆ" ಎಂದು ಚೀಲದ ಜಿಪ್ಪೆಳೆದು ಹೊರಡುತ್ತಾಳೆ.

"ಬೇಕಾಗಲ್ಲ ಅಂದ್ರಲ್ಲ, ಏನು ಹೇಳ್ಬೇಕು ನಿಮ್ಗೆ" ಕೌಂಟರಿನ ಹೆಂಗಸು ತಲೆ ಚಚ್ಚಿಕೊಳ್ಳುತ್ತಾರೆ. "ಊರಿನ ಸ್ಕ್ರೂನೆಲ್ಲ ಬಿಗೀತೀರಿ, ನಿಮ್ಮ ತಲೇದು ಬಿಟ್ಟು."

"ನನ್ನ ಕೈ ದಾಟಿದ್ದು ವಾಪಸ್ ಬಂದಿಲ್ಲ. ಅದೂ ಬರಲ್ಲ." ಗಾಜಿನಾಚೆ ಕಾರು ತಿರುವು ದಾಟುವವರೆಗೆ ಅವರು ನೋಡುತ್ತಾರೆ. "ಗಿಟಾರು ಬರೋದು ಬೇಡ. ಅವಳು ಬರ್ಲಿ. ಕೈ ಬೀಸ್ಕೊಂಡು ಬರ್ಲಿ."

"ಅದನ್ನ ಅವಳಿಗಲ್ವಾ ಹೇಳ್ಬೇಕಾಗಿದ್ದು?"

ಗುಂಯ್ ಅಣ್ಣ ಹಿಂದಿನ ಕೋಣೆಗೆ ಹೋಗಿ ಮುಂದಿನ ಡಬ್ಬಿ ಒಡೆಯುತ್ತಾರೆ, ಹೊಸ ಗಿಟಾರನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಬೀದಿಯ ಗದ್ದಲವೆಲ್ಲ ಒಳಗೆ ನುಗ್ಗುತ್ತಿದೆ. ಬಟ್ಟೆಯ ಸುರುಳಿ ನೆಲದ ಮೇಲೇ ಬಿದ್ದಿದೆ.

"ಬಾಗಿಲು ಹಾಕ್ಲಾ, ಗುಂಯ್ ಅಣ್ಣ?"

"ಬೇಡ, ಇರ್ಲಿ" ಎನ್ನುತ್ತಾರೆ ಅವರು, ದವಡೆಯನ್ನು ಮರಕ್ಕೆ ಒತ್ತುವ ಮೊದಲು. "ಯಾರಾದ್ರೂ ಬಂದು ಕೇಳಿದ್ರೆ, ಕೇಳಿಸ್ಕೊಳ್ತಿದಾರೆ ಅನ್ಬೇಡಿ. ಇದಾರೆ ಅನ್ನಿ."