ಕಡಲಿಗೆ ಹದ ನೋಡುವ ಚೌಡಯ್ಯ

ಕ್ಯಾತನಹಳ್ಳಿಯಲ್ಲಿ ಇನ್ನೂ ಮಂಜು ಕರಗಿಲ್ಲ. ಸಂಕ್ರಾಂತಿ ಕಳೆದು ಮೂರನೇ ದಿನ. ಡೇರಿಯ ಮುಂದೆ ಹಾಲಿನ ಕ್ಯಾನುಗಳು ಸಾಲುಗಟ್ಟಿವೆ, ಅವುಗಳ ಹಿಂದೆ ಟವೆಲ್ಲು ಹೊದ್ದ ಜನ. ಅಲ್ಲಿಂದ ಹತ್ತು ಮಾರು ಆಚೆ, ಹುಣಸೆಮರದ ಕೆಳಗೆ, ಚೌಡಯ್ಯ ತಮ್ಮ ಟೆಂಪೊ ಟ್ರಾವೆಲರಿನ ಟೈರುಗಳನ್ನು ಮರದ ಕೊಡತಿಯಿಂದ ಒಂದೊಂದಾಗಿ ಬಡಿದು, ತಲೆ ಬಾಗಿಸಿ ಸದ್ದು ಕೇಳುತ್ತಾರೆ. ನಾಲ್ಕನೆಯದರ ಹತ್ತಿರ ಬಗ್ಗಿದವರು ಅಲ್ಲೇ ನಿಲ್ಲುತ್ತಾರೆ. ಸೊಂಟಕ್ಕೆ ಕೈಕೊಟ್ಟು, ಬಾಗಿಲು ಹಿಡಿದು, ನಿಧಾನಕ್ಕೆ ನೆಟ್ಟಗಾಗುತ್ತಾರೆ.

"ಟೈರು ಎಲ್ಲಾ ನೆಟ್ಟಗವೆ," ಅನ್ನುತ್ತಾರೆ. "ನಂದೇ ಗಾಳಿ ಓಗ್ಯದೆ."

ಅಜ್ಜಿಯರ ಕಥೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ ಹೋಗುತ್ತಾನೆ. ದಾರಿಯುದ್ದಕ್ಕೂ ಅವನ ಕುದುರೆಗೆ ಹುಲ್ಲು ಹಾಕಿದವನು ಯಾರು ಅಂತ ಯಾವ ಅಜ್ಜಿಯೂ ಹೇಳುವುದಿಲ್ಲ. ಅರವತ್ತೊಂದು ವರ್ಷದ ಚೌಡಯ್ಯ ಅಂಥವರು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣ, ಈ ನಾಲ್ಕು ತಾಲ್ಲೂಕಿನ ಗದ್ದೆಯ ಜನಕ್ಕೆ ಇಪ್ಪತ್ತಾರು ವರ್ಷದಿಂದ ಸಮುದ್ರ ತೋರಿಸುತ್ತಿದ್ದಾರೆ. ಇತ್ತೀಚೆಗೆ ಅವರ ಗಾಡಿ ಹೆಚ್ಚಾಗಿ ಹೋಗುವುದು ಮುಲ್ಕಿಗೆ. ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಸರ್ಫಿಂಗ್ ಅನ್ನು ಅಲ್ಲಿ ಕಲಿಸುತ್ತಾರೆ. ಇಲ್ಲಿಂದ ಮುನ್ನೂರು ಕಿಲೋಮೀಟರು, ನಡುವೆ ಶಿರಾಡಿ ಘಟ್ಟ. ಅಕ್ಟೋಬರಿನಿಂದ ಮಾರ್ಚಿವರೆಗಿನ ಒಂದು ಹಂಗಾಮಿಗೆ ಮೂವತ್ತೈದು, ನಲವತ್ತು ಟ್ರಿಪ್ಪು. ದಿನಕ್ಕೆ ಹದಿನೈದು ಫೋನು ಬಂದರೆ ಹತ್ತರಲ್ಲಿ ಒಂದೇ ಪ್ರಶ್ನೆ: ಯಾವಾಗ ಹೋದರೆ ಚೆಂದ?

ಈ ಮಾರ್ಚಿಗೆ ಆ ಫೋನು ನಿಲ್ಲುತ್ತದೆ. ಬೆನ್ನುಮೂಳೆ ಸವೆದಿದೆ, ಘಟ್ಟದ ರಸ್ತೆ ಇನ್ನು ಸಾಕು ಎಂದು ಡಾಕ್ಟರು ಹೇಳಿದ್ದಾರೆ. ಗಾಡಿ ಕೊಳ್ಳಲೆಂದು ಇಬ್ಬರು ಬಂದು ನೋಡಿಕೊಂಡೂ ಹೋಗಿದ್ದಾರೆ. ಮನೆಯ ಜಗುಲಿಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರಿನಲ್ಲಿ ಫೆಬ್ರವರಿ ಎರಡು, ಮೂರು, ನಾಲ್ಕಕ್ಕೆ ಮಾತ್ರ ಹಸಿರು ಸುತ್ತು. ಅದಕ್ಕೆ ಮುಂಚಿನ ದಿನಗಳಲ್ಲಿ ಗಿರಾಕಿಗಳ ಊರಿನ ಹೆಸರುಗಳಿವೆ. ಆ ಮೂರು ದಿನದಲ್ಲಿ ಯಾರ ಹೆಸರೂ ಇಲ್ಲ. ಅವು ಹೆಂಡತಿ ಜಯಲಕ್ಷ್ಮಮ್ಮನವರಿಗೆ.

ಇವತ್ತು ಹೊರಡುವವರಲ್ಲಿ ಮೊದಲು ಬಂದವರು ಸಿಂಧಘಟ್ಟದ ಹೊನ್ನಪ್ಪ. ಕಡಲನ್ನು ಇನ್ನೂ ಕಂಡಿಲ್ಲ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕೂತಿದ್ದಾರೆ, ಮುಖದಲ್ಲಿ ಅನುಮಾನ.

"ಅಲ್ಲ ಕಣ್ ಚೌಡಣ್ಣ, ನಾಲೆ ನಿಲ್ಸಿ ಹತ್ತು ದಿನಾಯ್ತು. ಈಗ್ಲೇ ಓದ್ರೆ ಅಲ್ಲಿ ನೀರು ಇರ್ತದಾ?"

"ಅದುಕ್ಕೆ ಗೇಟಿಲ್ಲ ಕಣ್ಲಾ."

"ಮಳೇಲಿ ಓಗಿದ್ರೆ ತುಂಬ್ಕಂಡಿರೋದಲ್ವಾ?"

"ಮಳೇಲಿ ಓಗಿದ್ರೆ ನೀನು ತುಂಬ್ಕತಿದ್ದೆ."

ಹೊನ್ನಪ್ಪ ನಗುತ್ತಾರೆ, ಚೌಡಯ್ಯ ನಗುವುದಿಲ್ಲ. ಈ ಪ್ರಶ್ನೆ ಅವರಿಗೆ ಹಳೆಯದು, ಅದರ ನೋವೂ ಹಳೆಯದು. ಅಣೆಕಟ್ಟೆಯ ಮಗ್ಗುಲಲ್ಲಿ ಬದುಕುವ ಜನಕ್ಕೆ ನೀರು ನೋಡುವ ಕಾಲ ಒಂದೇ. ಕನ್ನಂಬಾಡಿ ತುಂಬಬೇಕು, ಗೇಟು ತೆರೆಯಬೇಕು, ಆಗ ಬುತ್ತಿ ಕಟ್ಟಿಕೊಂಡು ಹೊರಡಬೇಕು. ಕಟ್ಟೆಗೆ ನಡೆಯುವ ಲೆಕ್ಕವನ್ನೇ ಕಡಲಿಗೂ ಹಾಕುತ್ತಾರೆ. ಚೌಡಯ್ಯ ಕೂಡ ಹಾಗೇ ಹಾಕಿದ್ದರು.

ಇಪ್ಪತ್ತೈದು ವರ್ಷದ ಹಿಂದಿನ ಶ್ರಾವಣ. ಕಟ್ಟೆ ತುಂಬಿದ ವಾರವೇ ಹೆಂಡತಿಯನ್ನೂ ನೆಂಟರನ್ನೂ ಕೂರಿಸಿಕೊಂಡು ಹೊರಟರು. ಘಟ್ಟದಲ್ಲಿ ಮಣ್ಣು ಜರಿದು ಐದು ಗಂಟೆ ನಿಂತರು. ದಡ ಸೇರಿದಾಗ ಕೆಂಪು ಬಾವುಟ ಹಾರುತ್ತಿತ್ತು. ಕಾವಲಿನವನು ಸೀಟಿ ಊದಿ, ಹಗ್ಗದಾಚೆ ಒಂದು ಹೆಜ್ಜೆ ಇಡಲು ಬಿಡಲಿಲ್ಲ. ಜಯಲಕ್ಷ್ಮಮ್ಮ ಗಾಡಿಯ ಒಳಗೇ ಕೂತು, ಆವಿ ಹಿಡಿದ ಗಾಜನ್ನು ಸೆರಗಿನಲ್ಲಿ ಒರೆಸಿ ಒರೆಸಿ ನೋಡಿದರು.

"ಕಂಡೆ ಕಣಪ್ಪ ಸಮುದ್ರಾನ," ಎನ್ನುತ್ತಾ ಅವರು ಈಗ ಹೊನ್ನಪ್ಪನವರ ಮುಂದೆ ಕಾಫಿ ತಂದಿಡುತ್ತಾರೆ. "ಬೂದಿ ಕಲಸಿದಂಗಿತ್ತು. ಮಾತಿಗೆ ಸಿಕ್ಕದೋರ ಮನೆ ಬಾಗ್ಲಿಗೆ ಓಗಿ ಬಂದಂಗಾಯ್ತು."

ಅಂದಿನಿಂದ ಚೌಡಯ್ಯ ಮಳೆಗಾಲದಲ್ಲಿ ಕಡಲಿಗೆ ಗಾಡಿ ಬಿಟ್ಟಿಲ್ಲ. ಹೇಳಿದರೂ ಕೇಳದವರು ಬೇರೆ ಗಾಡಿ ಹಿಡಿದು ಹೋಗುತ್ತಾರೆ, ನೆನೆದು ವಾಪಸ್ ಬರುತ್ತಾರೆ. ಮುಲ್ಕಿಯಲ್ಲಿ ಸರ್ಫಿಂಗ್ ಕಲಿಸುವ ಹುಡುಗರ ಜೊತೆ ಕೂತು ಇವರು ಕಡಲಿನ ಕಾಲ ಕಲಿತರು. ಹೊಸಬರಿಗೆ ಬೇಕಾದದ್ದು ಮೊಣಕಾಲೆತ್ತರದ ಅಲೆ, ಅದು ಜನವರಿ, ಫೆಬ್ರವರಿಯಲ್ಲಿ ಸಿಗುತ್ತದೆ. ಅದೂ ಬೆಳಗಿನ ಜಾವವೇ ಆಗಬೇಕು. ಆಗ ಗಾಳಿ ದಡದಿಂದ ಕಡಲ ಕಡೆ ಬೀಸುತ್ತದೆ, ಅಲೆ ಹದವಾಗಿ ಏಳುತ್ತದೆ. ಮಾರ್ಚಿ ದಾಟಿದರೆ ಮರಳು ಅಂಗಾಲು ಸುಡುತ್ತದೆ. ಡಿಸೆಂಬರಿನ ಕೊನೆಗೆ ಹೋದರೆ ಕಾಲಿಡಲು ಜಾಗವಿಲ್ಲ.

"ಕಡ್ಲು ಕರಿಯೋ ವೊತ್ಗೆ ಗದ್ದೆ ಬುಡಕಿಲ್ಲ," ಎನ್ನುತ್ತಾರೆ ಚೌಡಯ್ಯ. "ಅಕ್ಟೋಬರ್‌ಗೆ ಅದು ಸುಮ್ಗಾಯ್ತದೆ, ಇಲ್ಲಿ ಭತ್ತ ಹೊಡೆ, ತೆನೆ ಬರೋ ವೊತ್ತು. ಡಿಸೆಂಬರ್‌ಗೆ ಕುಯ್ಲು. ನಾವು ಬಿಡುವಾಗೋದು ಆಸಾಡ್ದಲ್ಲಿ, ಆಗ ಅದು ಹುಚ್ಚೆದ್ದಿರ್ತದೆ. ಎರಡೂ ಒಪ್ಪೋದು ವರ್ಸುಕ್ಕೆ ಮೂರು ವಾರ ಅಷ್ಟೇಯ. ಗದ್ದೆ ಕುಯ್ದು, ನಾಲೆ ನಿಂತು, ಬಿಸ್ಲು ಬಲಿಯೋಗಂಟ."

ಆ ಮೂರು ವಾರ ನಾಲ್ಕು ತಾಲ್ಲೂಕಿಗೂ ಬೇಕು. ಹಾಗಾಗಿ ಹದ ಹೇಳುವವರ ಮನೆಗೇ ಹದ ಉಳಿಯಲಿಲ್ಲ. ಇವರು ಬೇರೆಯವರನ್ನು ಕೂರಿಸಿಕೊಂಡು ಹೊರಟರೆ ಜಯಲಕ್ಷ್ಮಮ್ಮ ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕುತ್ತ ಉಳಿದರು. ಹಸುವೋ, ಬೇರೆ ಕೈ ಮುಟ್ಟಿದರೆ ಒದೆಯುವ ಜಾತಿ.

ಈ ಸಲ ಆಕೆ ಜೂನಿನಲ್ಲೇ ಲೆಕ್ಕ ಹಾಕಿದರು. ಗಂಡನಿಗೆ ಡಾಕ್ಟರು ಹೇಳಿದ್ದನ್ನು ಕೇಳಿದ ವಾರವೇ ಪಶುವೈದ್ಯರನ್ನು ಕರೆಸಿ ಹಸುವಿಗೆ ಗಬ್ಬ ಕಟ್ಟುವ ಸೂಜಿ ಹಾಕಿಸಿದರು. ಮಾರ್ಚಿಗೆ ಕರು. ಅದಕ್ಕೆ ಮುಂಚಿನ ಎರಡು ತಿಂಗಳು ಹಾಲು ಬತ್ತಿಸಬೇಕು. ಅಂದರೆ ಈಗ ಕರೆಯುವುದೇ ಇಲ್ಲ, ಹುಲ್ಲು ನೀರು ಇಟ್ಟರೆ ಆಯಿತು. ಅದಕ್ಕೆ ಪಕ್ಕದ ಮನೆಯ ಮೂಗಮ್ಮ ಒಪ್ಪಿದ್ದಾರೆ. ಒಂದು ಊರಿಗೆ ಹೋಗುವ ಕಾಲವನ್ನು ಎಂಟು ತಿಂಗಳು ಮುಂಚೆ, ಹಸುವಿನ ಗರ್ಭದಲ್ಲಿ ಗೊತ್ತುಮಾಡಿದವರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ.

ಫೋನು ಬಡಿದುಕೊಳ್ಳುತ್ತದೆ. ನಾಗಮಂಗಲದ ಧರ್ಮೇಂದ್ರ. ಹನ್ನೊಂದು ವರ್ಷದಿಂದ ತಪ್ಪದೆ ಗೆಳೆಯರನ್ನು ಕಟ್ಟಿಕೊಂಡು ಅಲೆ ಸವಾರಿಗೆ ಹೋಗುವವರು. ಚೌಡಯ್ಯನ ಕೈಯಲ್ಲಿ ಕೊಡತಿ ಇದೆ, ಆದ್ದರಿಂದ ಸ್ಪೀಕರಿಗೆ ಹಾಕಿದ ಫೋನು ಸೀಟಿನ ಮೇಲೇ ಮಾತಾಡುತ್ತದೆ.

"ಅಣ್ಣಾ, ಫೆಬ್ರವರಿ ಎರಡು, ಮೂರು, ನಾಲ್ಕು. ಅದ್ನಾರು ಜನ ಆಗ್ಬುಟ್ಟವ್ರೆ. ನೀವೇ ಯೋಳಿದ ವಾರ ಅಲ್ವಾ? ಕಡೇ ಟ್ರಿಪ್ಪು ನಂದೇ ಆಗ್ಬೇಕು."

ಚೌಡಯ್ಯ ಕೊಡತಿ ಕೆಳಗಿಡುತ್ತಾರೆ. ಇಪ್ಪತ್ತಾರು ವರ್ಷದಲ್ಲಿ, ಹದದ ವಾರಗಳಿಗೆ ಇಲ್ಲ ಎಂದು ರೂಢಿಯಿಲ್ಲದ ಬಾಯಿ. ಜಗುಲಿಯಲ್ಲಿ ಜಯಲಕ್ಷ್ಮಮ್ಮ ಖಾಲಿ ಲೋಟಗಳನ್ನು ಎತ್ತುತ್ತಿದ್ದಾರೆ. ತಲೆ ಎತ್ತುವುದಿಲ್ಲ, ಆದರೆ ಲೋಟಗಳ ಸದ್ದು ನಿಂತಿದೆ.

"ಆ ಮೂರು ದಿನ ಬುಕ್ಕಾಗ್ಯದೆ ಕಣಪ್ಪ."

"ಯಾರಣ್ಣ ಅದು? ನಾನು ಮಾತಾಡ್ತೀನಿ ಬುಡಿ."

"ನಾನೇ ಮಾತಾಡಕಾಯ್ತಿಲ್ಲ, ನೀನೇನು ಮಾತಾಡೀಯ? ಆರುಕ್ಕೆ ಬಾ, ಎಂಟುಕ್ಕೆ ಬಾ. ಕಡೇ ಟ್ರಿಪ್ಪು ನಿಂದೇ. ಆ ಮೂರು ದಿನ ಆಗಕಿಲ್ಲ."

ಕರೆ ಮುಗಿಸಿ ಹಣೆ ಒರೆಸಿಕೊಳ್ಳುತ್ತಾರೆ, ಇಂಥ ಚಳಿಯಲ್ಲಿ. ಲೋಟಗಳು ಮತ್ತೆ ಸದ್ದು ಮಾಡುತ್ತವೆ. ಡೇರಿಗೆ ಹಾಲು ಹಾಕಿದವರು ಕ್ಯಾನು ಮನೆಯಲ್ಲಿಟ್ಟು, ಬ್ಯಾಗು ಹಿಡಿದು ಒಬ್ಬೊಬ್ಬರಾಗಿ ಬರುತ್ತಾರೆ. ಗಾಡಿ ತುಂಬುತ್ತದೆ. ಚೌಡಯ್ಯ ಬೆನ್ನಿಗೆ ಮಡಿಸಿದ ಕಂಬಳಿ ಇಟ್ಟುಕೊಂಡು ಸೀಟಿಗೆ ಹತ್ತುತ್ತಾರೆ. ಆಗ ಕಿಟಕಿಯ ಹತ್ತಿರ ಬಂದ ಜಯಲಕ್ಷ್ಮಮ್ಮ, ಇಷ್ಟು ವರ್ಷ ಕೇಳದ ಒಂದು ಮಾತು ಕೇಳುತ್ತಾರೆ.

"ಆ ನೀರು ಎಷ್ಟು ತಣ್ಣುಗಿರ್ತದೆ?"

"ನಂಗೇನು ಗೊತ್ತು?"

"ಗೊತ್ತಿಲ್ವಾ? ಇಷ್ಟು ವರ್ಸ ಓಗ್ಬಂದು?"

"ನಾನೆಲ್ಲಿ ಇಳ್ದಿವ್ನಿ. ಅವ್ರೆಲ್ಲಾ ನೀರ್ಗೋದಾಗ ನಾನು ಗಾಡೀಲಿ ಮಲಿಕ್ಕತೀನಿ. ನಿದ್ದೆಗೆಟ್ಟು ಘಟ್ಟ ಅತ್ತಿಸ್ಲಾ?" ಕೀಲಿ ತಿರುಗಿಸಿ, ಸ್ವಲ್ಪ ತಡೆದು ಹೇಳುತ್ತಾರೆ, "ಈ ಸಲ ನಿನ್ನ ಕರ್ಕಂಡೋದಾಗ ಒಂದ್ ದಪ ಪಾದ ನೆನಸ್ಬೇಕು ಅಂತಿವ್ನಿ. ಗಾಡಿ ನೋಡ್ಕಳಾಕೆ ಯಾರಾನ ಸಿಕ್ಕುದ್ರೆ."

ಜಯಲಕ್ಷ್ಮಮ್ಮ ಕಿಟಕಿಯ ಗಾಜಿನ ಮೇಲಿನ ಇಬ್ಬನಿಯನ್ನು ಸೆರಗಿನಿಂದ ಒರೆಸುತ್ತಾರೆ.

"ಬೀಗ ಆಕ್ಬುಟ್ಟು ಬಾ. ಅದೇನು ಹಸಾನಾ, ಒಬ್ರು ನೋಡ್ಕಳಾಕೆ?"