ಮುರುಗಲ ಸಿಪ್ಪೆಯಿಂದ ಉಜ್ಜಿದ ಸರಳು

ಹೆಂಡತಿಯ ಡಯಾಲಿಸಿಸ್ ನಡೆಯುವಷ್ಟು ಹೊತ್ತೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ನಮ್ಮೂರು ಮಂಕಿಯಿಂದ ಹೊನ್ನಾವರದ ಆಸ್ಪತ್ರೆಗೆ ಬಸ್ಸಿನಲ್ಲಿ ಬರುವಾಗಲೇ ಅವಳು ಏನೇನು ಮುಟ್ಟಿದಳು ಎಂದು ಮೈಯೆಲ್ಲ ಕಣ್ಣಾಗಿ ನೋಡುತ್ತಿರುತ್ತೇನೆ. ಮಳೆಗಾಲದ ಶುರುವಿನಲ್ಲಿ ಡಯಾಲಿಸಿಸ್‌ಗೆಂದು ಅವಳ ಕುತ್ತಿಗೆಗೆ ಹಾಕಿದ್ದ ನಳಿಗೆಗೆ ಸೋಂಕು ತಗುಲಿ, ಚಳಿಜ್ವರಕ್ಕೆ ಮಂಚವೇ ನಡುಗಿತ್ತು. ಇನ್ನೊಮ್ಮೆ ಹಾಗಾದರೆ ಉಳಿಸಿಕೊಳ್ಳುವುದು ಕಷ್ಟ ಎಂದಿದ್ದರು ಡಾಕ್ಟರು. ಆಮೇಲೆ ನಾನು ಬಾಗಿಲ ಹಿಡಿಕೆ, ನಲ್ಲಿ, ಬಕೆಟ್ಟು ಎಲ್ಲದಕ್ಕೂ ಹೆದರಿದೆ. ನನ್ನ ಕೈಗೂ ಹೆದರಿದೆ.

ಹಾಗಿರುವಾಗ ಆಸ್ಪತ್ರೆಯವರು ಮಂಚದ ಪಕ್ಕದ ಸರಳುಗಳಿಗೆ ಹೊಸದೊಂದು ಲೇಪ ಹಾಕಿಸಿದರು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಾಮ್ರದ ಕಣಗಳಿವೆಯಂತೆ. ನ್ಯಾನೋ ಎನ್ನುತ್ತಾರೆ. ಮೇಲೆ ಕೂತ ರೋಗಾಣುವನ್ನು ಅದೇ ಕೊಲ್ಲುತ್ತದಂತೆ. ನನ್ನ ಬದಲಿಗೆ ಯಾರೋ ಕಾವಲು ಕೂತಂತಾಯಿತು. ಅಂದು ಬಹಳ ದಿನದ ಮೇಲೆ ಹೊರಗೆ ಹೋಗಿ ಚಹಾ ಕುಡಿದು ಬಂದೆ.

ಹೊಳೆಯುತ್ತಿದ್ದ ಸರಳು ಬರಬರುತ್ತ ಕಪ್ಪಿಟ್ಟಿತು. ನಮ್ಮ ಕಡೆ ತಾಮ್ರದ ಹಂಡೆ ಕಪ್ಪಾದರೆ ಮನೆಯ ಹೆಂಗಸಿನ ಮರ್ಯಾದೆಯೇ ಹೋದಂತೆ. ಒಂದು ದಿನ ಯಂತ್ರ ಹಚ್ಚುವ ಮೊದಲು ನಾನು ಔಷಧಿ ತರಲು ಹೋದಾಗ, ಇವಳು ಮನೆಯಿಂದ ಕಟ್ಟಿಕೊಂಡು ಬಂದಿದ್ದ ಹುಳಿ ಮುರುಗಲ ಹಣ್ಣಿನ ಸಿಪ್ಪೆಗೆ ಉಪ್ಪು ಸೇರಿಸಿ, ತೆಂಗಿನ ನಾರಿನಿಂದ ಸರಳನ್ನು ಗಸಗಸ ಉಜ್ಜಿದ್ದಾಳೆ. ನಾನು ಬಂದಾಗ ಲೇಪವೆದ್ದು ಒಳಗಿನ ಸ್ಟೀಲು ಕಾಣುತ್ತಿತ್ತು.

"ಎಂತ ಮಾಡ್ಬಿಟ್ರಿ ಅಕ್ಕಾ! ಕಪ್ಪಾದ್ರೂ ಅದು ಕೆಲ್ಸ ಮಾಡ್ತಿತ್ತು," ಎಂದು ನರ್ಸು ತಲೆಗೆ ಕೈಹಚ್ಚಿದರು.

ನನಗೆ ಸಿಟ್ಟು ನೆತ್ತಿಗೇರಿತು. "ಸಾಯೂಕೆ ಇಷ್ಟು ಅರ್ಜೆಂಟ್ ಎಂತಕ್ಕೆ ನಿಂಗೆ?" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದೆ. ಪಕ್ಕದ ಮಂಚದಲ್ಲಿದ್ದ ಭಟ್ಕಳದ ಅಜ್ಜ ಗೋಡೆ ಕಡೆ ಹೊರಳಿದರು.

ಅವಳು ದನಿ ಏರಿಸಲಿಲ್ಲ. "ಮಷಿನ್ ಶುರುವಾದ್ರೆ ಮೈ ಸೋಲ್ತದೆ, ಹೆದ್ರಿಕೆ ಆಗ್ತದೆ. ಎಂತದಾದ್ರೂ ಹಿಡ್ಕಳ್ಳೂಕೆ ಬೇಕು. ನೀವು ನನ್ನ ಕೈ ಮುಟ್ಟೂದು ಬಿಟ್ಟು ಮಳೆಗಾಲನೇ ಮುಗೀತು. ನಂಗೆ ಹಿಡ್ಕಳ್ಳೂಕೆ ಇರೂದು ಆ ಸರಳೇ. ಅದನ್ನಾದ್ರೂ ಚೊಕ್ಕ ಮಾಡ್ಕಳ್ವಾ ಅಂದ್ಕಂಡೆ."

ನನಗೆ ನಾಚಿಕೆಯಾಯಿತು. ಬೇಸಿನ್ನಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ. ಸಮಾಧಾನವಾಗದೆ ಮತ್ತೆ ತೊಳೆದೆ.

"ಆತು, ಬನ್ನಿ. ಚರ್ಮ ಎದ್ದು ಹೋಗ್ತದೆ," ಎಂದಳು ಹಿಂದಿನಿಂದ.

ಯಂತ್ರ ಶುರುವಾಯಿತು. ಕೈ ಒಣಗಿಸಿಕೊಂಡು ಅವಳ ಕೈ ಹಿಡಿದೆ. ನನ್ನ ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಅವಳ ಬೆರಳುಗಳು ತಣ್ಣಗಿದ್ದವು. ಯಂತ್ರ ನಿಲ್ಲುವವರೆಗೂ ನಾನು ಕೂತಲ್ಲಿಂದ ಏಳಲಿಲ್ಲ.